ನಲವತ್ತೈದಕ್ಕೆ ಐವತ್ತೆಂಟು

ಝಳಕಿ, ತಾಲೂಕು ಇಂಡಿ
೧೧ ಮಾರ್ಚ್ ೧೯೬೩

ಅಕ್ಕನ ಮಗಳು ಅಬಿದಾಗೆ ನಿನ್ನ ಮೀರಾಸಾಬ ಮಾಮಾನ ಸಲಾಮು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳಲ್ಲಿ ಹುಟ್ಟಿದಂದಿನಿಂದ ಒಂದು ದಿನವೂ ಚಿಂತೆ ಮಾಡದ ಗಂಡಸು ಯಾರೆಂದು ಯಾರನ್ನಾದರೂ ಕೇಳು, ನನ್ನ ಹೆಸರನ್ನೇ ಹೇಳುತ್ತಾರೆ. ದಿಂಬಿಗೆ ತಲೆ ತಾಗುವ ಮೊದಲೇ ನನಗೆ ನಿದ್ದೆ ಹತ್ತಿರುತ್ತದೆ. ತೋಳ ಬಂದು ಪಕ್ಕದಲ್ಲಿ ಮಲಗಿದರೂ ಅದಕ್ಕೆ ಸರಿದು ಜಾಗ ಕೊಟ್ಟು ಗೊರಕೆ ಮುಂದುವರಿಸುವವ ನಾನು. ಇಂಥ ಮನುಷ್ಯನಿಗೆ ಸರಕಾರ ಏನು ಮಾಡಿದೆ, ನೋಡು.

ಇಲ್ಲಿ ಎಲ್ಲರೂ ಕ್ಷೇಮವೆಂದು ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ. ನಮ್ಮ ರಸ್ತೆ ಖಾತೆಯಲ್ಲಿ ಹುಟ್ಟಿದ ತಾರೀಖಿನ ಕಾಗದವಿಲ್ಲದವರೆಲ್ಲ ವಯಸ್ಸು ತೋರಿಸಿಕೊಳ್ಳಬೇಕೆಂದು ಹುಕುಂ ಬಂತು. ಹನ್ನೆರಡು ಆಳುಗಳ ಮೇಲೆ ಮುಕಾದಮನಾದ ನಾನೂ ಇಂಡಿಗೆ ಹೋಗಿ ಸಾಲಿನಲ್ಲಿ ನಿಂತೆ. ಖಾತೆಯವರು ಎಲ್ಲಿಂದಲೋ ಒಬ್ಬ ಡಾಕ್ಟರನನ್ನು ಕರೆಸಿದ್ದರು. ಜಾತ್ರೆಯ ದನದ ಹಾಗೆ ಬಾಯಿ ತೆಗೆಸಿ ಹಲ್ಲು ನೋಡಿದ.

"ಯಾವಾಗ ಹುಟ್ಟೀರಿ?" ಅಂದ.

"ಊರೂರಾಗ ಹೆಣಾ ಬಿದ್ದ ಮಾನಮೋಡಿ ಬ್ಯಾನಿ ಬಂದಿತ್ತಲ್ರಿ, ಆ ವರ್ಷ. ಲೆಕ್ಕಾ ಹಾಕ್ರಿ, ನಲವತ್ತೈದು ಆಗತೈತಿ."

"ಅದಕ್ಕ ಕಾಗದಾ ಐತೇನು?"

"ಬ್ಯಾನಿ ಹುಟ್ಟಿದವ್ರಿಗೆ ಕಾಗದಾ ಕೊಟ್ಟು ಹೋಗಲಿಲ್ಲರಿ."

ಅವನಿಗೆ ನಗು ಬರಲಿಲ್ಲ. ನನ್ನ ತಲೆ ನೋಡಿದ, ಕಣ್ಣಿನ ಕೆಳಗಿನ ಚರ್ಮ ಎಳೆದು ಬಿಟ್ಟ, ಐವತ್ತೆಂಟು ಎಂದು ಬರೆದ. ನಮ್ಮಲ್ಲಿ ಐವತ್ತೈದಕ್ಕೆ ಮನೆಗೆ ಕಳಿಸುತ್ತಾರೆ. ಕಾರಕೂನ ಹೇಳಿದ, "ಮೀರಾಸಾಬ, ನೀ ಮೂರು ವರ್ಷ ಜಾಸ್ತಿ ದುಡದಿ. ಪಗಾರ ತಿರುಗಿ ಕೇಳಿಲ್ಲಲ್ಲ, ಅದಕ್ಕ ಖುಷಿ ಪಡು."

ಇದಕ್ಕಿಂತ ದೊಡ್ಡ ಅನ್ಯಾಯ ಮುಂದೆ ಇದೆ. ಬಾಗೇವಾಡಿ ಕಡೆಯ ಮುಕಾದಮ ರಾಚಪ್ಪ ನನ್ನ ಹಿಂದೆಯೇ ನಿಂತಿದ್ದ. ನಾನು ಒಂದನೆಯ ಇಯತ್ತೆಯಲ್ಲಿ ಪಾಟಿ ಹಿಡಿದಾಗ ಆತ ಮೀಸೆ ತಿರುವುತ್ತಿದ್ದ. ಅವನಿಗೆ ನಲವತ್ತಾರು ಎಂದು ಬರೆದರು. ಆ ರಾಚಪ್ಪನ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. ಹೆಂಡತಿ ಬೈದದ್ದು, ಸೊಸೆ ಮುನಿದದ್ದು, ಮೂಲವ್ಯಾಧಿ ಆದದ್ದು, ಎಲ್ಲವನ್ನೂ ರಸ್ತೆಯಲ್ಲಿ ಹೋಗುವವರಿಗೆ ಹೇಳಿ ಗಿಡದ ಕೆಳಗೆ ಬಿದ್ದುಕೊಳ್ಳುತ್ತಾನೆ. ಅವನು ನನಗಿಂತ ಚಿಕ್ಕವನಂತೆ.

ನಾನು ಅರ್ಜಿ ಕೊಟ್ಟಿದ್ದೇನೆ. ಮೇ ೨೦ಕ್ಕೆ ಎರಡನೆಯ ತಪಾಸಣೆ. ಅಷ್ಟರಲ್ಲಿ ನೀನು ನರ್ಸಬಾಯಿ ಆಗಿರುವ ದವಾಖಾನೆಯ ಡಾಕ್ಟರಬಾಯಿಯಿಂದ ನನಗೆ ನಲವತ್ತೈದೇ ಎಂದು ಒಂದು ಕಾಗದ ಬರೆಸಿ, ಶಿಕ್ಕಾ ಹೊಡೆಸಿ ಕಳಿಸು.

ನಿನ್ನ ಮಾಮಿ ಸೈದಾಬಿ ಆರಾಮ. ನೌಕರಿ ಹೋದರೆ ಹೋಗಲಿ, ಸಿಂದಗಿ ಪೋಸ್ಟಿನಲ್ಲಿಟ್ಟ ತನ್ನ ರೊಕ್ಕ ತೆಗೆದು ಎರಡು ಎಮ್ಮೆ ಕೊಳ್ಳೋಣ, ಲಾರಿಯವರು ನಿಲ್ಲುವ ಚಹದ ಅಂಗಡಿಗಳಿಗೆ ಹಾಲು ಹಾಕೋಣ ಎನ್ನುತ್ತಾಳೆ. ಅದೇನು ದೊಡ್ಡ ಮಾತಲ್ಲ.

ನಿನ್ನ ಮಾಮಾ, ಮೀರಾಸಾಬ

*

ಮುದ್ದೇಬಿಹಾಳ
೨೨ ಮಾರ್ಚ್ ೧೯೬೩

ಮಾಮಾ ಅವರಿಗೆ ಅಬಿದಾಳ ಸಲಾಮು.

ನಿಮ್ಮನ್ನು ನೋಡದೆ ಕಾಗದ ಕೊಡಲು ಡಾಕ್ಟರ ಇಂದುಬಾಯಿ ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಸಿಟ್ಟಾಗಬೇಡಿ. ಹೋದ ವರ್ಷ ನಾನು ಝಳಕಿಗೆ ಬಂದಾಗ ಬಸ್ಸಿನಿಂದ ಇಳಿದು, ಕಟ್ಟೆಯ ಮೇಲೆ ಕೂತ ಮುದುಕರೊಬ್ಬರಿಗೆ "ಮೀರಾಸಾಬರ ಮನಿ ಯಾವುದ್ರಿ?" ಎಂದು ಕೇಳಿದೆ. ಆ ಮುದುಕರು ನೀವೇ ಆಗಿದ್ದಿರಿ. ಚೇಷ್ಟೆಗೆ ಕೇಳಿದೆನೆಂದು ನೀವು ನಕ್ಕಿರಿ. ಅದು ಚೇಷ್ಟೆಯಾಗಿರಲಿಲ್ಲ.

ನಿಮ್ಮ ಸುದ್ದಿ ಹೇಳಿದಾಗ ಡಾಕ್ಟರಬಾಯಿ ಕೇಳಿದ್ದು ಒಂದೇ: "ಅವರಿಗೆ ಭಾಳ ವರ್ಷದಿಂದ ಏನರ ಚಿಂತಿ ಐತೇನು?" ನಾಲ್ಕು ದಿನದ ಚಿಂತೆಯನ್ನು ಮೈ ತಡೆದುಕೊಳ್ಳುತ್ತದಂತೆ. ವರ್ಷಗಟ್ಟಲೆ ಬಿಡದೆ ಕೂತರೆ ನಿದ್ದೆ ಕೆಡುತ್ತದೆ, ರಕ್ತದ ಒತ್ತಡ ಏರುತ್ತದೆ, ಊಟ ಮೈಗೆ ಹತ್ತುವುದಿಲ್ಲ, ಮನುಷ್ಯ ತನ್ನ ವಯಸ್ಸಿಗಿಂತ ಮುಂದೆ ಓಡುತ್ತಾನೆ. ಸವೆದದ್ದನ್ನು ತಿರುಗಿ ತರುವ ಔಷಧ ತಮ್ಮಲ್ಲಿಲ್ಲ, ಇನ್ನು ಮುಂದೆ ಸವೆಯುವುದನ್ನು ನಿಧಾನ ಮಾಡಬಹುದು ಎಂದರು.

ಅವರು ಹೇಳಿದ್ದನ್ನು ಬರೆಯುತ್ತೇನೆ. ಚಹ, ಬೀಡಿ ಅರ್ಧಕ್ಕೆ ಇಳಿಸಬೇಕು. ಊಟ, ನಿದ್ದೆ ಹೊತ್ತಿಗೆ ಸರಿಯಾಗಬೇಕು. ಸಂಜೆ ಅವಸರವಿಲ್ಲದೆ ಒಂದಿಷ್ಟು ನಡೆಯಬೇಕು. ಎಲ್ಲಕ್ಕಿಂತ ಮುಖ್ಯ, ಒಳಗೆ ಕೊರೆಯುವುದನ್ನು ಒಬ್ಬರ ಮುಂದಾದರೂ ಬಾಯಿಬಿಟ್ಟು ಹೇಳಬೇಕು.

ನಿಮಗೆ ಏನು ಚಿಂತೆ, ಮಾಮಾ?

ಅಬಿದಾ

*

ಝಳಕಿ
೮ ಏಪ್ರಿಲ್ ೧೯೬೩

ಅಬಿದಾ,

ಕಾಗದ ಕೇಳಿದರೆ ಉಪದೇಶ ಕಳಿಸಿದ್ದೀ. ದಿನಕ್ಕೆ ಎಂಟು ಮೈಲು ರಸ್ತೆ ಅಳೆಯುವ ಮುಕಾದಮನಿಗೆ ನಡೆಯಲು ಹೇಳಿದ್ದಾಳೆ ನಿಮ್ಮ ಡಾಕ್ಟರಬಾಯಿ. ಮೀನಿಗೆ ಈಜು ಕಲಿಸುತ್ತಾಳೋ ಏನೋ. ಬಾಯಿಬಿಟ್ಟು ಹೇಳಬೇಕಂತೆ. ನಾನು ಬಾಯಿ ಮುಚ್ಚಿದ್ದು ಯಾವಾಗ? ನಮ್ಮ ಆಳುಗಳಲ್ಲಿ ಮಾಳಿಂಗಪ್ಪ ಎಂಬವನು ಮೊನ್ನೆ ಕೈಮುಗಿದ: "ಮುಕಾದಮ್ರ, ಖಡಿ ಒಡಿಯೂ ಸಪ್ಪಳಾ ಕೇಳವಲ್ತು, ಸ್ವಲ್ಪ ಸುಮ್ಮನಿರ್ರಿ."

ಆದರೂ ನಿನ್ನ ಮಾತಿಗೆ ಬೆಲೆ ಕೊಟ್ಟೆ. ಹನ್ನೆರಡು ಕಪ್ಪು ಚಹವನ್ನು ಆರಕ್ಕೆ ಇಳಿಸಿದೆ. ಕಪ್ಪು ಮಾತ್ರ ದೊಡ್ಡದು ತಂದಿದ್ದೇನೆ. ಬೀಡಿ ಪೂರ್ತಿ ಬಿಟ್ಟೆ, ಯಾರಾದರೂ ಕೊಟ್ಟರೆ ಅವರ ಮನಸ್ಸು ನೋಯಿಸುವುದಿಲ್ಲ.

ನಿಮ್ಮಿಂದ ಆಗದ್ದನ್ನು ನಾನೇ ಮಾಡಿಕೊಳ್ಳುತ್ತೇನೆಂದು ಇಂಡಿಯಿಂದ ಕರಿ ಬಣ್ಣದ ಕಲಪು ತಂದು ಕೂದಲಿಗೆ ಹಚ್ಚಿದೆ. ಅರ್ಧ ತಾಸು ಇಡಬೇಕೆಂದು ಚೀಟಿಯಲ್ಲಿತ್ತು. ಅರ್ಧ ತಾಸಿಗೆ ನಲವತ್ತೈದಾದರೆ ಮೂರು ತಾಸಿಗೆ ಮೂವತ್ತಾಗಬೇಕಲ್ಲ ಎಂದು ನನ್ನ ಲೆಕ್ಕ. ಮರುದಿನ ಮುಖ ಬಾತು ಕಣ್ಣು ಮುಚ್ಚಿಹೋದವು, ಹಣೆ ಕರ್ರಗಾಯಿತು. ನಿನ್ನ ಮಾಮಿ ಲಾಟೀನು ಹಿಡಿದು ನೋಡಿ, "ನಿನ್ನೆ ತನಕ ಮುದುಕ ಇದ್ರಿ, ಇವತ್ತ ಸುಟ್ಟ ಬದ್ನಿಕಾಯಿ ಆಗೀರಿ" ಅಂದಳು. ಕಲಪು ಮಾರಿದ ಆ ಕಳ್ಳನ ಮೇಲೆ ದಾವೆ ಹಾಕಬೇಕೆಂದಿದ್ದೇನೆ.

ಸೈದಾಬಿಯ ಎಮ್ಮೆಯ ಹುಚ್ಚು ಇಳಿದಿಲ್ಲ. ಪೋಸ್ಟಿನಲ್ಲಿ ಈಗ ಸಾವಿರದ ನಲವತ್ಮೂರು ರೂಪಾಯಿ ಆಗಿದೆ. ಎಂಟುನೂರು ಇಟ್ಟದ್ದು, ಒಂಬತ್ತು ವರ್ಷದ ಬಡ್ಡಿ, ಬಡ್ಡಿಯ ಮೇಲಿನ ಬಡ್ಡಿ. ಪ್ರತಿ ವರ್ಷ ನಾನೇ ಲೆಕ್ಕ ಹಾಕಿ ಹೇಳುತ್ತೇನೆ, ಒಂದು ಪೈಸೆ ತಪ್ಪುವುದಿಲ್ಲ.

ಇನ್ನೊಂದು ಮಾತು. ಪೋಸ್ಟಿನ ಪುಸ್ತಕವನ್ನು ಇಲಿ ತಿಂದರೆ ಏನಾಗುತ್ತದೆ? ರೊಕ್ಕ ಮುಳುಗುತ್ತದೆಯೋ ಹೇಗೆ? ಇಲ್ಲಿಯ ಒಬ್ಬನಿಗೆ ಬೇಕಾಗಿದೆ.

ಮೀರಾಸಾಬ

*

ಮುದ್ದೇಬಿಹಾಳ
೧೬ ಏಪ್ರಿಲ್ ೧೯೬೩

ಮಾಮಾ,

ಕಲಪು ಮತ್ತೆ ಹಚ್ಚಬೇಡಿ. ಬಾವು ಇಳಿಯದಿದ್ದರೆ ಇಂಡಿ ದವಾಖಾನೆಗೆ ತೋರಿಸಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ಚಿಂತೆ ಯಾವುದೆಂದು ತಿಳಿಯಿತು. ನೌಕರಿ ಹೋದರೆ ಹೊಟ್ಟೆಗೇನು ಎಂಬುದೇ ತಾನೆ? ಅದಕ್ಕೆ ಇಷ್ಟು ವರ್ಷ ಹೆದರಬೇಕಿರಲಿಲ್ಲ. ಮಾಮಿಯ ರೊಕ್ಕವಿದೆ. ಎರಡು ಎಮ್ಮೆ ತಂದು, ಉಳಿದದ್ದರಲ್ಲಿ ಕೊಟ್ಟಿಗೆಗೆ ತಗಡು ಹಾಕಿಸಬಹುದು. ನೀವು ಅದನ್ನು ದೊಡ್ಡ ಮಾತಲ್ಲವೆಂದು ಬರೆದಿರಿ. ನನಗೆ ಅದೇ ದೊಡ್ಡ ಮಾತಾಗಿ ಕಂಡಿತು.

ಬಕರೀದಿಗೆ ನಾಲ್ಕು ದಿನ ರಜೆ ಸಿಕ್ಕಿದೆ. ನಾನೇ ಬಂದು ಮಾಮಿಯನ್ನು ಸಿಂದಗಿಯ ಪೋಸ್ಟಿಗೆ ಕರೆದುಕೊಂಡು ಹೋಗಿ, ಹೆಬ್ಬೆಟ್ಟು ಒತ್ತಿಸಿ ರೊಕ್ಕ ತೆಗೆಸಿಕೊಡುತ್ತೇನೆ. ನೀವು ತ್ರಾಸು ತಗೊಳ್ಳಬೇಡಿ. ಇಲಿ ತಿಂದರೆ ಬೇರೆ ಪುಸ್ತಕ ಕೊಡುತ್ತಾರೆ ಎಂದು ನಿಮ್ಮ ಆ ಒಬ್ಬನಿಗೆ ಹೇಳಿ. ರೊಕ್ಕ ಎಲ್ಲಿಗೂ ಹೋಗುವುದಿಲ್ಲ.

ಇನ್ನು ಚೆನ್ನಾಗಿ ನಿದ್ದೆ ಮಾಡಿ.

ಅಬಿದಾ

*

ಝಳಕಿ
೧೯ ಏಪ್ರಿಲ್ ೧೯೬೩

ಅಬಿದಾ,

ನೀನು ಬರುವುದು ಬೇಡ.

ನನ್ನ ಮನೆಯ ರೊಕ್ಕ ತೆಗೆಸಲು ನೀನು ಯಾರು? ನಾಲ್ಕು ಜನರಿಗೆ ಸೂಜಿ ಚುಚ್ಚಲು ಕಲಿತ ಕೂಡಲೇ ಹಿರಿಯರ ಸಂಸಾರಕ್ಕೂ ಚುಚ್ಚಬಹುದೆಂದು ತಿಳಿದಿದ್ದೀಯಾ? ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾಲಿಗೆ ಬಿಟ್ಟು ಬಂದದ್ದು ಈ ಮುದುಕನೇ. ಮುದುಕ ಎಂದು ಬರೆದೆ ನೋಡು, ನಿಮ್ಮೆಲ್ಲರ ಸಹವಾಸದಿಂದ ನನ್ನ ಕೈಯೂ ಕೆಟ್ಟಿದೆ.

ಪುಸ್ತಕ ಒಬ್ಬ ದೊಡ್ಡ ಸಾಹೇಬರ ಹತ್ತಿರ ಇದೆ. ಸಹಿಗೆಂದು ಇಟ್ಟುಕೊಂಡಿದ್ದಾರೆ. ಅವರು ಬದಲಿಯಾಗಿ ಹೋಗಿದ್ದಾರೆ. ಬರಲು ಹೊತ್ತಾಗುತ್ತದೆ.

ನಿನ್ನ ಪತ್ರ ಬಂದಾಗ ಸೈದಾಬಿ ಎದುರಿಗೇ ಇದ್ದಳು. "ಏನ ಬರದಾಳ್ರಿ ಅಬಿದಾ?" ಅಂದಳು. ಮುದ್ದೇಬಿಹಾಳದಲ್ಲಿ ಬಿಸಿಲು ಜಾಸ್ತಿಯಂತೆ ಎಂದು ಓದಿ ಹೇಳಿದೆ. "ಎರಡೂ ಮಗ್ಗಲ ಬರದಾಳಲ್ರಿ, ಬರೀ ಬಿಸಲ ಏನು?" ಅಂದಳು. ಭಾಳ ಬಿಸಿಲು ಎಂದೆ.

ಮೀರಾಸಾಬ

*

ಮುದ್ದೇಬಿಹಾಳ
೨೭ ಏಪ್ರಿಲ್ ೧೯೬೩

ಮಾಮಾ,

ಇಲ್ಲಿಯ ಪೋಸ್ಟಿನ ಕಾರಕೂನರು ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬರುತ್ತಾರೆ. ಹೆಸರು ಹೇಳದೆ ಕೇಳಿದೆ. ಯಾವ ಸಾಹೇಬನೂ ಜನರ ಪುಸ್ತಕ ತನ್ನ ಜೊತೆ ಬದಲಿಯೂರಿಗೆ ಒಯ್ಯುವುದಿಲ್ಲ ಎಂದರು.

ನೀವು ಬೈದದ್ದಕ್ಕೆ ನನಗೆ ಸಿಟ್ಟು ಬಂದಿಲ್ಲ. ನಾನು ತಪ್ಪು ತಿಳಿದು, ನೋಯುವ ಜಾಗದ ಮೇಲೆಯೇ ಕೈ ಒತ್ತಿದೆ. ಈಗ ಸರಿಯಾಗಿ ಕೇಳುತ್ತೇನೆ. ಆ ಖಾತೆ ಇದೆಯೋ ಇಲ್ಲವೋ? ಒಂಬತ್ತು ವರ್ಷ ನೀವು ಬಡ್ಡಿ ಹಾಕಿದ್ದು ಯಾವುದಕ್ಕೆ?

ನನಗೆ ಉತ್ತರ ಬರೆಯಬೇಡಿ. ಮಾಮಿಗೆ ಹೇಳಿ. ಬಕರೀದಿಗೆ ನಾನು ಬರುವುದಿಲ್ಲ, ಆ ನಾಲ್ಕು ದಿನವನ್ನು ನಿಮಗೆ ಬಿಟ್ಟಿದ್ದೇನೆ. ಆಗಲೂ ನಿಮ್ಮಿಂದ ಆಗದಿದ್ದರೆ ರಜೆ ಸಿಗಲಿ ಬಿಡಲಿ, ಬರುತ್ತೇನೆ.

ಅಬಿದಾ

*

ಝಳಕಿ
೧೦ ಮೇ ೧೯೬೩

ಅಬಿದಾ,

ಹೇಳಿದೆ. ನಿಮ್ಮ ಡಾಕ್ಟರಬಾಯಿಯ ಔಷಧ ಸುಳ್ಳು. ಅದನ್ನು ಮೊದಲು ಬರೆದು, ಆಮೇಲೆ ಉಳಿದದ್ದು ಬರೆಯುತ್ತೇನೆ.

ಒಂಬತ್ತು ವರ್ಷದ ಹಿಂದೆ ನನ್ನನ್ನು ಸಿಂದಗಿಯ ರಸ್ತೆ ಕೆಲಸಕ್ಕೆ ಹಾಕಿದ್ದರು. ಮದುವೆಯಾದಾಗಿನಿಂದ ನಿನ್ನ ಮಾಮಿ ಊರವರಿಗೆ ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿದುಕೊಟ್ಟು, ಬಂದ ರೊಕ್ಕವನ್ನು ಎಲೆಅಡಿಕೆಯ ಹಳೆಯ ಚಂಚಿಯಲ್ಲಿ ತುಂಬುತ್ತ ಬಂದಿದ್ದಳು. ಒಂದು ದಿನವೂ ಎಣಿಸಿರಲಿಲ್ಲ. ಎಣಿಸಿದರೆ ಬರಕತ್ತು ಹೋಗುತ್ತದೆ, ರೊಕ್ಕ ಬೆಳೆಯುವುದಿಲ್ಲ ಎಂದು ಅವಳ ತಾಯಿ ಹೇಳಿದ್ದಳಂತೆ. ಆ ಚಂಚಿಯನ್ನು ನನ್ನ ಕೈಗೆ ಕೊಟ್ಟು, "ನೀವು ಸಾಲಿ ಕಲ್ತವ್ರು. ಎಷ್ಟ ಐತೋ ನೋಡಿ ಸಿಂದಗಿ ಪೋಸ್ಟಿನ್ಯಾಗ ಇಡ್ರಿ" ಅಂದಳು.

ಸಿಂದಗಿಗೆ ಹೋಗಿ, ಸಂತೆಯ ಬದಿಯಲ್ಲಿ ಬೇವಿನ ಗಿಡದ ಕೆಳಗೆ ಕೂತು ಎಣಿಸಿದೆ. ಪೋಸ್ಟಿನ ಬಾಗಿಲು ಅಲ್ಲಿಂದ ಕಾಣುತ್ತಿತ್ತು. ಅಲ್ಲೇ ಒಬ್ಬ ರುಮಾಲು ಹಾಸಿ ಮೂರು ಇಸ್ಪೀಟಿನ ಎಲೆ ಬೋರಲು ಹಾಕಿ ಆಡಿಸುತ್ತಿದ್ದ. ರಾಣಿ ಯಾವುದೆಂದು ತೋರಿಸಿದರೆ ದುಪ್ಪಟ್ಟು. ಜನ ತಪ್ಪು ತೋರಿಸುತ್ತಿದ್ದರು, ನನಗೆ ಪ್ರತಿ ಸಲ ಸರಿಯಾಗಿ ಕಾಣುತ್ತಿತ್ತು. ನಾಲ್ಕು ತಾಲೂಕಿಗೆ ಬುದ್ಧಿ ಹೇಳುವವನಲ್ಲವೇ ನಾನು. ಮೊದಲ ಎರಡು ಆಟ ಗೆದ್ದೆ. ಚಹ ಕುಡಿಯುವಷ್ಟು ಹೊತ್ತಿನಲ್ಲಿ ಚಂಚಿ ಖಾಲಿಯಾಯಿತು. ಆ ರುಮಾಲಿನವನನ್ನು ಇವತ್ತು ಕಂಡರೂ ಡಾಂಬರಿನಲ್ಲಿ ಹೂಳುತ್ತೇನೆ.

ಬಕರೀದಿನ ಮರುದಿನ ಇದನ್ನೆಲ್ಲ ಹೇಳಿದೆ. ಸೈದಾಬಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ.

"ಒಂದಾದ್ರೂ ಉಳೀತೇನು?"

"ಇಲ್ಲ."

"ನೀವು ಆವತ್ತ ಹೇಳಿದ್ದು ಎಂಟನೂರು ಖರೇನ ಇತ್ತೇನ್ರಿ?"

"ಇತ್ತು," ಎಂದೆ.

ಆಮೇಲೆ ಮೂರು ದಿನ ತಾಟು ಇಡುವಳು, ಸರಿದು ಹೋಗುವಳು. ನಾನು ಹೇಳಿದ್ದು ದೊಡ್ಡದೋ, ಇವಳು ಮುನಿದದ್ದು ದೊಡ್ಡದೋ ಎಂದು ನನಗೂ ಸಿಟ್ಟು ಬಂತು. ನಾಲ್ಕನೆಯ ದಿನ ಪಕ್ಕದ ಮನೆಯ ದಾವಲಬಿಗೆ ಗೋಡೆಯ ಮೇಲಿಂದ ಹೇಳುತ್ತಿದ್ದುದು ಕೇಳಿಸಿತು: "ಎಂಟನೂರ ಗಳಿಸಿದ್ದೆ ಬೇ ನಾನು, ಬರೀ ಸೂಜೀಲೆ. ಇವರು ಕಳಕೊಂಡ್ರು, ಅದು ಬ್ಯಾರೆ ಮಾತು. ಗಳಿಸಿದ್ದು ಸುಳ್ಳಲ್ಲಲ್ಲ." ಅವಳ ದನಿಯಲ್ಲಿ ಅಂಥ ಗತ್ತನ್ನು ನಾನು ಕೇಳಿರಲಿಲ್ಲ. ಒಳಗೆ ಬಂದು ನನಗಂದಳು, "ಹ್ವಾದದ್ದು ಹೋತು. ಮತ್ತ ಗಳಸ್ತೀನಿ. ಎಮ್ಮಿ ತರೂದ ಬಿಡೂದಿಲ್ಲ."

ಹೀಗೆ ಎಲ್ಲ ಮುಗಿಯಿತು. ಹೇಳಬೇಕಾದ್ದು ಹೇಳಿದೆ, ಅವಳು ಕ್ಷಮಿಸಿದಳು. ಮತ್ತೆ ನಿದ್ದೆ ಯಾಕೆ ಬರುವುದಿಲ್ಲ? ಅದನ್ನು ನಿಮ್ಮ ಇಂದುಬಾಯಿಗೆ ಕೇಳು.

ಮೀರಾಸಾಬ

*

ಮುದ್ದೇಬಿಹಾಳ
೧೭ ಮೇ ೧೯೬೩

ಮಾಮಾ,

ಡಾಕ್ಟರಬಾಯಿಗೆ ಕೇಳಲಿಲ್ಲ, ನಾನೇ ಒಂದು ಲೆಕ್ಕ ಹಾಕಿದೆ. ಆಗ ಒಂದು ಕೌದಿಗೆ ಮಾಮಿಗೆ ಸಿಗುತ್ತಿದ್ದುದು ಎರಡು ರೂಪಾಯಿ. ನಮ್ಮ ಮನೆಯ ಕೌದಿಗೂ ಅಷ್ಟೇ ತಗೊಂಡಿದ್ದರು. ಎಂಟುನೂರಕ್ಕೆ ನಾನೂರು ಕೌದಿಯಾಗಬೇಕು. ಮನೆಗೆಲಸ ತೀರಿಸಿ ಎಷ್ಟು ಓಡಿಸಿ ಹೊಲಿದರೂ ವರ್ಷಕ್ಕೆ ಇಪ್ಪತ್ತು. ಅಂದರೆ ಇಪ್ಪತ್ತು ವರ್ಷದ ಕೆಲಸ. ಆಗ ನಿಮ್ಮ ಮದುವೆಯಾಗಿ ಎಂಟು ವರ್ಷವೂ ಸರಿಯಾಗಿ ಆಗಿರಲಿಲ್ಲ.

ಚಂಚಿಯಲ್ಲಿ ಎಷ್ಟಿತ್ತು?

ಅಬಿದಾ

*

ಝಳಕಿ
೧೨ ಜೂನ್ ೧೯೬೩

ಅಬಿದಾ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಉತ್ತರ ಬರೆಯಬಾರದೆಂದೇ ನಿಶ್ಚಯ ಮಾಡಿದ್ದೆ. ಹೆಂಗಸರ ಕೌದಿ ಎಣಿಸುವುದಕ್ಕೆ ನಿನ್ನನ್ನು ನರ್ಸು ಮಾಡಿದ್ದಾರೇನು?

ಮೊದಲು ತಪಾಸಣೆಯ ಸುದ್ದಿ. ಮೇ ೨೦ಕ್ಕೆ ಹೋದೆ. ಅದೇ ಡಾಕ್ಟರ, ಅದೇ ಮೋರೆ. ಕಲಪಿನ ಬಣ್ಣ ಹೋಗಿ ನನ್ನ ತಲೆ ಜೋಳದ ಕಣಿಕೆಯ ಬಣ್ಣಕ್ಕೆ ಬಂದಿತ್ತು. ಈ ಸಲ ರಕ್ತದ ಒತ್ತಡ ಅಳೆದ. "ನಿದ್ದಿ ಹೆಂಗ್ರಿ?" ಅಂದ. "ನಿದ್ದಿಗೂ ವಯಸ್ಸಿಗೂ ಏನ್ರಿ ಸಂಬಂಧ?" ಎಂದು ತಿರುಗಿ ಕೇಳಿದೆ. "ಭಾಳ ಐತಿ," ಎಂದು ಐವತ್ನಾಲ್ಕು ಬರೆದ. ಎರಡು ತಿಂಗಳಿನಲ್ಲಿ ನಾಲ್ಕು ವರ್ಷ ಚಿಕ್ಕವನಾದೆ, ಇನ್ನೊಂದು ವರ್ಷ ನೌಕರಿ ಉಳಿಯಿತು. ಉಳಿದ ಒಂಬತ್ತು ವರ್ಷಕ್ಕೆ ಯಾರು ಜವಾಬು ಕೊಡುತ್ತಾರೆ? ನನ್ನ ನೌಕರಿ ಉಳಿದದ್ದಕ್ಕೆ ರಾಚಪ್ಪ ಬಾಗೇವಾಡಿಯಿಂದ ಬಂದು ಪೇಢೆ ಹಂಚಿದ. ಅವನ ಮುಖ ನೋಡಿ ನನಗೆ ಇನ್ನೂ ಸಿಟ್ಟು ಬಂತು.

ಈ ಸಿಟ್ಟನ್ನೆಲ್ಲ ನಾನು ಡಾಕ್ಟರನ ಮೇಲೆ, ರಾಚಪ್ಪನ ಮೇಲೆ, ಕಲಪಿನವನ ಮೇಲೆ, ನಿನ್ನ ಮೇಲೆ ಹಂಚಿದೆ. ಎಲ್ಲಿ ಹಾಕಬೇಕಿತ್ತೋ ಅಲ್ಲಿ ಹಾಕಲಿಲ್ಲ.

ಸೈದಾಬಿ ಹೇಳಿದಂತೆಯೇ ಮಾಡಿದಳು. ಹಿಂದೆ ಗಳಿಸಿದ್ದನ್ನು ಮತ್ತೆ ಗಳಿಸುತ್ತೇನೆಂದು ಹಗಲೆಲ್ಲ ಸೂಜಿ ಬಿಡುವುದಿಲ್ಲ. ಊಟದ ಹೊತ್ತು ಮೀರುತ್ತದೆ. ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಒರೆಸಿಕೊಂಡು ಮತ್ತೆ ಕೂರುತ್ತಾಳೆ. ಹೊಲಿಗೆ ರೊಕ್ಕ ಈಗ ಮೂರು ರೂಪಾಯಿ ಆಗಿದೆ. ತಿಂಗಳು ಕಳೆದು ಎರಡು ಕೌದಿ ಮುಗಿದವು, ಆರು ರೂಪಾಯಿ ಬಂತು. ಈ ಸಲ ಅವಳು ರೊಕ್ಕ ಎಣಿಸುತ್ತಾಳೆ. ಬರಕತ್ತಿನ ಮಾತು ಬಿಟ್ಟಿದ್ದಾಳೆ.

ನಿನ್ನೆ ಆ ಆರು ರೂಪಾಯಿಯನ್ನು ಉಡಿಯಲ್ಲಿಟ್ಟುಕೊಂಡು ಕೂತಿದ್ದಳು. "ಆವಾಗ ಹೆಂಗ ಎಂಟನೂರ ಆತೋ ಏನೋ," ಅಂದಳು. "ಅದ ಕೈ, ಅದ ಸೂಜಿ. ಈಗ ನಡೀವಲ್ದು. ನಾ ಮುದುಕಿ ಆದ್ನೇನ್ರಿ?"

ನಲವತ್ತು ತುಂಬದ ಹೆಂಗಸು. ಕಿವಿಯ ಹಿಂದೆ ಬಿಳಿ ಕೂದಲು ಕಂಡವು. ಬಕರೀದಿಗೆ ಇರಲಿಲ್ಲ. ರಾತ್ರಿ ಮಗ್ಗಲು ಬದಲಿಸುವುದು ಈಗ ನಾನೊಬ್ಬನೇ ಅಲ್ಲ. ನನಗೆ ಐವತ್ತೆಂಟು ಎಂದು ಬರೆದ ಡಾಕ್ಟರನ ಮುಂದೆ ಇವಳನ್ನು ನಿಲ್ಲಿಸಿದರೆ ಏನು ಬರೆದಾನು ಎಂದು ಲೆಕ್ಕ ಹಾಕಿದೆ. ಆ ಲೆಕ್ಕ ನನ್ನಿಂದ ಆಗಲಿಲ್ಲ.

ಆವತ್ತು ಖಾಲಿ ಚಂಚಿ ಹಿಡಿದು ಮನೆಗೆ ಬಂದಾಗ "ಎಷ್ಟ ಆತ್ರಿ?" ಎಂದು ಕೇಳಿದಳು. ಬಾಯಿಗೆ ದೊಡ್ಡದೊಂದು ಅಂಕಿ ಬಂತು. ಎಂಟುನೂರು ಎಂದೆ. ಕುಣಿಯುವುದೊಂದು ಬಾಕಿ, ಅಷ್ಟು ಹಿಗ್ಗಿದಳು. ಹೋದ ತಿಂಗಳು ಎಲ್ಲ ಒಪ್ಪಿಕೊಂಡಾಗಲೂ ಅದನ್ನು ಬಿಡಲಾಗಲಿಲ್ಲ. ಕಳೆದರೂ ಎಂಟುನೂರು ಕಳೆದ ಗಂಡಸಾಗಿ ಇರಬೇಕೆನ್ನಿಸಿತು. ಆಮೇಲೆ ಅವಳು ದಾವಲಬಿಯ ಮುಂದೆ ಎದೆ ಉಬ್ಬಿಸಿದ್ದನ್ನು ಕೇಳಿದ ಮೇಲೆ ಹೇಳುವ ದಾರಿಯೇ ಮುಚ್ಚಿತು. ರೊಕ್ಕವನ್ನು ಕಸಿದುಕೊಂಡಾಗಿತ್ತು. ಉಳಿದ ಆ ಹಿಗ್ಗನ್ನೂ ಹೇಗೆ ಕಸಿಯಲಿ ಎಂದು ನನಗೆ ನಾನೇ ದೊಡ್ಡ ಮನುಷ್ಯನಾದೆ.

ಈಗ ಅವಳು ಹೊಸ್ತಿಲ ಮೇಲೆ ಕೂತು, ಬೆಳಕಿಗೆ ಹಿಡಿದು ದಾರ ಪೋಣಿಸುತ್ತಿದ್ದಾಳೆ. ಮೂರು ಸಲ ತಪ್ಪಿತು.

"ಅಷ್ಟೊತ್ತಿಂದ ಏನ ಬರ್ಯಾಕತ್ತೀರಿ?"

"ಅಬಿದಾ ಒಂದು ಕೇಳ್ಯಾಳ. ಅದಕ್ಕ ಜವಾಬು."

"ಓದ್ರಿ ನೋಡೂಣು. ಬಿಸಲಂತ ಹೇಳಬ್ಯಾಡ್ರಿ ಮತ್ತ."

ಓದಿದೆ. ಒಂದು ಅಕ್ಷರ ಬಿಡದೆ ಓದಿದೆ, ಮುದುಕಿ ಆದ್ನೇನ್ರಿ ಎಂದು ಅವಳು ಕೇಳಿದ್ದನ್ನೂ ಓದಿದೆ. ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. ದಾವಲಬಿಯ ಮಾತು ಬಂದಾಗ ಸೆರಗಿನಿಂದ ಮುಖ ಒರೆಸಿಕೊಂಡಳು. ಇಲ್ಲಿಯವರೆಗೆ ಓದಿ ನಿಲ್ಲಿಸಿದೆ.

"ಮುಂದ?" ಅಂದಳು.

"ಇನ್ನೂ ಬರದಿಲ್ಲ."

"ಬರೀರಿ. ಬರಕೋತ ಹೇಳ್ರಿ."

ಬರೆಯುತ್ತಿದ್ದೇನೆ, ಅಬಿದಾ. ಬರೆಯುತ್ತ ಅವಳಿಗೆ ಕೇಳುವ ಹಾಗೆ ಹೇಳುತ್ತಿದ್ದೇನೆ. ಆ ಬೇವಿನ ಗಿಡದ ಕೆಳಗೆ ಎರಡು ಸಲ ಎಣಿಸಿದ್ದೆ, ಎರಡು ಸಲವೂ ಅಷ್ಟೇ ಬಂದಿತ್ತು. ಸೈದಾಬಿ ಎಂಟು ವರ್ಷ ಹೊಲಿದು ತುಂಬಿದ ಚಂಚಿಯಲ್ಲಿ ಇದ್ದದ್ದು, ನಾನು ಕಳೆದದ್ದು, ಮುನ್ನೂರ ಹನ್ನೆರಡು ರೂಪಾಯಿ ಆರಾಣೆ.